ಸೋಪಿಗೆ ಯಾವ ಎಣ್ಣೆ, ಯಾವ ತುಪ್ಪ? ಬೋರ್‌ವೆಲ್ ನೀರಿನ ಊರಿಗೊಂದು ಲೆಕ್ಕ

ಭಾನುವಾರ ಬೆಳಗ್ಗೆ ವೈಟ್‌ಫೀಲ್ಡ್ ಕಡೆಯ ಯಾವುದಾದರೂ ದೊಡ್ಡ ಅಪಾರ್ಟ್‌ಮೆಂಟಿನ ರೈತ ಸಂತೆಗೆ ಹೋಗಿ ನೋಡಿ. ಸೊಪ್ಪು, ನಾಟಿ ಮೊಟ್ಟೆ, ಗಾಣದ ಎಣ್ಣೆ ಪಕ್ಕದಲ್ಲೇ ಕಂದು ಕಾಗದ ಸುತ್ತಿದ ‘ಹ್ಯಾಂಡ್‌ಮೇಡ್’ ಸೋಪು ಇರುತ್ತೆ. ನೂರು ಗ್ರಾಮಿಗೆ ನೂರೈವತ್ತು ರೂಪಾಯಿ ಅಂದ್ರೂ ತಗೊಳ್ಳೋರು ಇದ್ದಾರೆ. ಅದನ್ನು ನೋಡಿ ಬಂದ ಹೊಸಕೋಟೆ, ಆನೇಕಲ್, ನೆಲಮಂಗಲ ಕಡೆಯ ನಮ್ಮ ಹುಡುಗರು ಕೇಳೋದು ಒಂದೇ ಪ್ರಶ್ನೆ: ‘ಮನೇಲಿ ಎಣ್ಣೆ ಇದೆ, ನಾವೂ ಸೋಪ್ ಮಾಡಬಹುದಲ್ವಾ?’

ಮಾಡಬಹುದು. ಆದರೆ ಮನೇಲಿರೋ ಎಣ್ಣೆಯೆಲ್ಲ ಸೋಪಿಗೆ ಆಗಲ್ಲ. ಇದನ್ನ ನಾನು ಕಲಿತಿದ್ದು ಕೈ ಸುಟ್ಟುಕೊಂಡೇ. ಕಾಸ್ಟಿಕ್ ಸೋಡಾದಿಂದಲ್ಲ, ಹುಚ್ಚೆಳ್ಳಿನಿಂದ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆದ ಹುಚ್ಚೆಳ್ಳನ್ನು ಗಾಣಕ್ಕೆ ಹಾಕಿಸಿ, ಮನೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದಿದ್ದನ್ನು ಮುಕ್ಕಾಲು ಪಾಲು ಹಾಕಿ ಸೋಪು ಹೊಯ್ದೆ. ತಿಂಗಳಾದರೂ ಬೆರಳು ಒತ್ತಿದರೆ ಗುರುತು ಬೀಳ್ತಿತ್ತು. ಮೂರನೇ ತಿಂಗಳಿಗೆ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಎದ್ದು, ಹಳೇ ಎಣ್ಣೆ ಡಬ್ಬದ ಕಮಟು ವಾಸನೆ ಶುರುವಾಯ್ತು. ಅಷ್ಟರಲ್ಲಿ ನೆಂಟರಿಗೆಲ್ಲ ಹಂಚಿ ಆಗಿತ್ತು. ಒಬ್ಬರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಮತ್ತೆ ಯಾರೂ ಕೇಳಲೂ ಇಲ್ಲ. ಗಿರಾಕಿಗಳೂ ಹಾಗೇನೇ ಮಾಡ್ತಾರೆ.

ತಪ್ಪು ಎಣ್ಣೆಯ ಗುಣಮಟ್ಟದ್ದಲ್ಲ. ಉಪ್ಪಿನಕಾಯಿಗೆ, ಚಟ್ನಿಪುಡಿಗೆ ಹುಚ್ಚೆಳ್ಳಿಗೆ ಸಮ ಇನ್ನೊಂದಿಲ್ಲ. ಸೋಪಿನ ಲೆಕ್ಕವೇ ಬೇರೆ. ಪ್ರತಿ ಎಣ್ಣೆಯೂ ಹಲವು ಕೊಬ್ಬಿನಾಮ್ಲಗಳ ಮಿಶ್ರಣ. ಕಾಸ್ಟಿಕ್ ಸೋಡಾ ಸೇರಿದಾಗ ಎಣ್ಣೆ ಒಡೆದು ಈ ಆಮ್ಲಗಳೇ ಸೋಪಾಗುತ್ತವೆ, ಜೊತೆಗೆ ಗ್ಲಿಸರಿನ್ ಬರುತ್ತೆ. ಯಾವ ಆಮ್ಲ ಎಷ್ಟಿದೆ ಅನ್ನೋದೇ ಸೋಪು ಗಟ್ಟಿಯೋ ಮೆತ್ತಗೋ, ನೊರೆ ಬರುತ್ತೋ ಇಲ್ಲವೋ, ಎಷ್ಟು ದಿನ ಕೆಡದೆ ಇರುತ್ತೆ ಅನ್ನೋದನ್ನ ತೀರ್ಮಾನಿಸೋದು. ಹುಚ್ಚೆಳ್ಳೆಣ್ಣೆಯಲ್ಲಿ ಹೆಚ್ಚಿನ ಪಾಲು ಲಿನೋಲಿಕ್ ಆಮ್ಲ. ಗಾಳಿ ತಾಗಿದರೆ ಬೇಗ ಕೆಡೋ ಆಮ್ಲ ಅದು, ಅದರ ಸೋಪೂ ಮೆತ್ತಗೆ. ಕುಸುಬೆ ಎಣ್ಣೆ, ಮಾಮೂಲಿ ಸೂರ್ಯಕಾಂತಿ ಎಣ್ಣೆ ಕಥೆಯೂ ಇದೇ. ಇವನ್ನು ಒಟ್ಟು ಎಣ್ಣೆಯಲ್ಲಿ 10–15 ಶೇಕಡಾ ದಾಟಿಸಬೇಡಿ.

ಇಲ್ಲೊಂದು ಮಾತು ನೇರವಾಗಿ ಹೇಳಿಬಿಡ್ತೀನಿ. ‘ಕೋಲ್ಡ್ ಪ್ರೆಸ್ಡ್ ಎಣ್ಣೆಯ ಸೋಪು’ ಅಂತ ಲೇಬಲ್ ಮೇಲೆ ಬರೆದರೆ ಚೆನ್ನಾಗಿ ಕಾಣುತ್ತೆ, ನಿಜ. ಆದರೆ ಗಾಣದ ಕಡಲೆಕಾಯಿ ಎಣ್ಣೆಗೂ ರಿಫೈನ್ಡ್ ಕಡಲೆಕಾಯಿ ಎಣ್ಣೆಗೂ ಕೊಬ್ಬಿನಾಮ್ಲದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಗಾಣದ ಎಣ್ಣೆಯ ಪರಿಮಳ, ರುಚಿ ಬಹುಪಾಲು ಕಾಸ್ಟಿಕ್ ಸೋಡಾದಲ್ಲಿ ಕರಗಿ ಹೋಗುತ್ತೆ. ಒಳ್ಳೆ ಗಾಣದ ಎಣ್ಣೆಗೆ ಗಿರಾಕಿ ಇದ್ದರೆ ಅದನ್ನು ಎಣ್ಣೆಯಾಗೇ ಮಾರಿ.

ಈಗ ಎಣ್ಣೆ ಆರಿಸೋಕೆ ಮುಂಚೆ ನೋಡಬೇಕಾದ್ದು ನಲ್ಲಿ ನೀರು. ಸೋಪಿನ ವಿಡಿಯೋಗಳಲ್ಲಿ ಈ ಮಾತು ಎತ್ತೋದೇ ಅಪರೂಪ. ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ, ಎಲೆಕ್ಟ್ರಾನಿಕ್ ಸಿಟಿ ಸುತ್ತ ಎಷ್ಟೋ ಕಟ್ಟಡಗಳು ಬೋರ್‌ವೆಲ್, ಟ್ಯಾಂಕರ್ ನೀರಿನ ಮೇಲೇ ನಡೀತಿವೆ. ಗಡಸು ನೀರು. ಬಕೆಟ್ಟಿಗೆ ಬಿಳಿ ಪೊರೆ ಕಟ್ಟುತ್ತೆ, ಶವರ್ ತೂತು ಮುಚ್ಚಿಕೊಳ್ಳುತ್ತೆ. ನೀರಿನಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಜಿಡ್ಡಾಗುತ್ತೆ. ನೊರೆ ಬರಲ್ಲ, ಮೈ ತೊಳೆದರೂ ಏನೋ ಅಂಟಿಕೊಂಡ ಹಾಗೆ. ಎಷ್ಟೇ ಒಳ್ಳೆ ‘ಮಾಯಿಶ್ಚರೈಸಿಂಗ್’ ಸೋಪು ಕೊಟ್ಟರೂ ಆ ಮನೆಯವರು ಅನ್ನೋದು ‘ನೊರೆನೇ ಬರಲ್ಲ’ ಅಂತಲೇ.

ಆದ್ದರಿಂದ ಈ ಭಾಗಕ್ಕೆ ಸೋಪು ಮಾಡೋರಿಗೆ ಕೊಬ್ಬರಿ ಎಣ್ಣೆ ಬಿಟ್ಟರೆ ಗತಿ ಇಲ್ಲ. ಅದರಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಅದರ ಸೋಪು ಬೇಗ ಕರಗಿ ನೊರೆ ಕೊಡುತ್ತೆ. ಸಮುದ್ರದ ಉಪ್ಪುನೀರಲ್ಲೂ ನೊರೆ ಬರುತ್ತೆ ಅಂತ ಹಡಗಿನವರು ಕೊಬ್ಬರಿ ಎಣ್ಣೆ ಸೋಪನ್ನೇ ಇಟ್ಟುಕೊಳ್ತಿದ್ದರು. ಗಟ್ಟಿಯೂ ಹೌದು. ಹಾಗಂತ ಪೂರ್ತಿ ಅದನ್ನೇ ಹಾಕಿದರೆ ಚರ್ಮದ ಜಿಡ್ಡನ್ನೆಲ್ಲ ಎಳೆದುಕೊಂಡು ಮೈ ಬಿರಿಯೋ ಹಾಗೆ ಒಣಗಿಸುತ್ತೆ. ಮೆದು ನೀರಿಗೆ 20–25 ಶೇಕಡಾ ಸಾಕು, ನಮ್ಮ ಬೋರ್‌ವೆಲ್ ನೀರಿಗೆ 30ರ ಆಸುಪಾಸು ಇಡಿ. 35 ದಾಟಬೇಡಿ. ಅರಸೀಕೆರೆ, ತಿಪಟೂರು ಕಡೆಯಿಂದ ಕೌಟು ಕೊಬ್ಬರಿಯ ಎಣ್ಣೆ ಅಗ್ಗಕ್ಕೆ ಸಿಗುತ್ತೆ ಅಂತ ತರಬೇಡಿ. ಸೋಪೇನೋ ಆಗುತ್ತೆ, ಆ ವಾಸನೆ ಹೋಗಲ್ಲ.

ಜಿಡ್ಡು ಕಟ್ಟೋದು ಕಮ್ಮಿ ಆಗಲಿ ಅಂತ ಕೆಲವರು ನಿಂಬೆ ಉಪ್ಪು ಹಾಕ್ತಾರೆ. ಒಳ್ಳೇದೇ. ಆದರೆ ಅದು ಆಮ್ಲ. 10 ಗ್ರಾಂ ನಿಂಬೆ ಉಪ್ಪು ಸುಮಾರು 6 ಗ್ರಾಂ ಕಾಸ್ಟಿಕ್ ನುಂಗಿಬಿಡುತ್ತೆ. ಅಷ್ಟು ಕಾಸ್ಟಿಕ್ ಜಾಸ್ತಿ ಹಾಕಬೇಕು. ಮೊದಲ ಬ್ಯಾಚಿನಲ್ಲಿ ಈ ತಲೆನೋವು ಬೇಡ.

ಇನ್ನು ‘ಬಟರ್’ ವಿಚಾರ. ಆನ್‌ಲೈನ್ ಅಂಗಡಿ ತೆರೆದರೆ ಶಿಯಾ ಬಟರ್, ಕೋಕೋ ಬಟರ್, ಮ್ಯಾಂಗೋ ಬಟರ್ ಅಂತ ಸಾಲು ಸಾಲು. ಶಿಯಾ ಪಶ್ಚಿಮ ಆಫ್ರಿಕಾದ ಮರದ್ದು. ಅದಿಲ್ಲದೆ ಸೋಪೇ ಆಗಲ್ಲ ಅನ್ನೋ ಹಾಗೆ ವಿಡಿಯೋದವರು ಮಾತಾಡ್ತಾರೆ. ಆದರೆ ಗಟ್ಟಿ ಕೊಬ್ಬಿನ ಬೀಜಕ್ಕೆ ನಮ್ಮ ರಾಜ್ಯದಲ್ಲಿ ಬರ ಇಲ್ಲ, ಅದಕ್ಕೆ ನಮ್ಮವರಿಟ್ಟ ಹೆಸರೇ ತುಪ್ಪ. ಶಿರಸಿ, ಸಿದ್ದಾಪುರ, ಕುಮಟಾ ಕಡೆ ಮುರುಗಲು ಬೀಜದಿಂದ ತೆಗೆಯೋ ಮುರುಗಲು ತುಪ್ಪ ಇದೆ. ಅದನ್ನೇ ಪೇಟೆಯಲ್ಲಿ ಕೋಕಮ್ ಬಟರ್ ಅನ್ನೋದು. ಹಿಮ್ಮಡಿ ಒಡೆದಾಗ ಹಚ್ಚೋಕೆ ಮಲೆನಾಡಿನ ಮನೆಗಳಲ್ಲಿ ಇದರ ಉಂಡೆ ಇರ್ತಿತ್ತು. ಉಪ್ಪಾಗೆ ಬೀಜದ ತುಪ್ಪವೂ ಆ ಕಡೆಯದೇ. ಪುತ್ತೂರಿನ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ 1986ರಿಂದ ನಡೀತಿದೆ, ಅಂದರೆ ಕೋಕೋ ಕೂಡ ನಮ್ಮ ತೋಟದ ಬೆಳೆಯೇ. ನಮ್ಮ ಬಯಲುಸೀಮೆಯಲ್ಲಿ ಹಳೇ ದೇವಸ್ಥಾನದ ಪಕ್ಕ, ಕೆರೆ ಏರಿ ಹಿಂದೆ ಹಿಪ್ಪೆ ತೋಪು ಇರ್ತಿತ್ತಲ್ಲ, ಆ ಹಿಪ್ಪೆ ಬೀಜದ ಎಣ್ಣೆಯೂ ಚಳಿಗಾಲದ ಬೆಳಗ್ಗೆ ತುಪ್ಪದ ಹಾಗೆ ಹೆಪ್ಪುಗಟ್ಟುತ್ತೆ. ದೀಪಕ್ಕೆ ಅಂತ ಬೆಳೆಸಿದ ಮರ, ಸೋಪಿಗೆ ಹೇಳಿ ಮಾಡಿಸಿದ ಹಾಗಿದೆ.

ಈ ತುಪ್ಪಗಳ ಕೆಲಸ ಏನು? ಮುರುಗಲು ತುಪ್ಪದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ ಆಮ್ಲ. ಅದು ಸೋಪಿಗೆ ಬಾಳಿಕೆ ಕೊಡುತ್ತೆ. ಕೊಬ್ಬರಿ ಎಣ್ಣೆ ಸೋಪು ಗಟ್ಟಿ ಇದ್ದರೂ ನೀರಲ್ಲಿ ಬೇಗ ಸವೆಯುತ್ತೆ. ತುಪ್ಪ ಸೇರಿದ ಸೋಪು ನಿಧಾನಕ್ಕೆ ಸವೆಯುತ್ತೆ, ಸೋಪಿನ ಡಬ್ಬಿಯಲ್ಲಿ ಲೋಳೆ ಆಗಲ್ಲ. ಆದರೆ ಸ್ಟಿಯರಿಕ್ ಹೆಚ್ಚಾದಷ್ಟೂ ನೊರೆ ಸಾಯುತ್ತೆ, ಗಡಸು ನೀರಲ್ಲಂತೂ ಜಿಡ್ಡು ಜಾಸ್ತಿ, ಕತ್ತರಿಸುವಾಗ ಬಿರುಕು ಬೇರೆ. 15–20 ಶೇಕಡಾಕ್ಕೆ ನಿಲ್ಲಿಸಿ. ಹಿಪ್ಪೆಯಲ್ಲಿ ಗಟ್ಟಿ ಆಮ್ಲಗಳು ಅರ್ಧದ ಹತ್ತಿರ, ಉಳಿದದ್ದು ಮೆದು, ಹಾಗಾಗಿ ಅದನ್ನು 25–30ರವರೆಗೂ ಹಾಕಬಹುದು. ತಾಳೆ ಎಣ್ಣೆಯೂ ಬಾಳಿಕೆ ಕೊಡುತ್ತೆ, ಎಲ್ಲಕ್ಕಿಂತ ಅಗ್ಗ. ಕಾರ್ಖಾನೆಯವರು ಅದನ್ನೇ ನೆಚ್ಚಿಕೊಂಡಿರೋದು. ಆದರೆ ಅಗ್ಗದ ಸೋಪು ಬೇಕಿದ್ದರೆ ಗಿರಾಕಿ ಕಿರಾಣಿ ಅಂಗಡಿಗೇ ಹೋಗ್ತಾನೆ, ನಿಮ್ಮ ಹತ್ರ ಯಾಕೆ ಬರ್ತಾನೆ?

ಹಸುವಿನ ತುಪ್ಪ, ಬೆಣ್ಣೆ ಹಾಕಲಾ ಅಂತ ಕೇಳೋರಿದ್ದಾರೆ. ಹಾಲಿನ ಕೊಬ್ಬಿನಲ್ಲಿ ಬ್ಯೂಟಿರಿಕ್ ಆಮ್ಲ ಇದೆ, ಸೋಪಾದ ಮೇಲೆ ಹುಳಿ ಹುಳಿ ವಾಸನೆ ಬರಬಹುದು. ಅಷ್ಟು ದುಡ್ಡಿನ ತುಪ್ಪ ಅನ್ನಕ್ಕೇ ಇರಲಿ.

ಮೈಗೆ ಮೆದು ಅನ್ನಿಸೋ ಪಾಲಿಗೆ ಓಲಿಕ್ ಆಮ್ಲ ಜಾಸ್ತಿ ಇರೋ ಎಣ್ಣೆ ಬೇಕು. ವಿದೇಶದವರು ಆಲಿವ್ ಹಾಕ್ತಾರೆ, ನಮಗೆ ಕಡಲೆಕಾಯಿ ಎಣ್ಣೆ ಅಥವಾ ಅಕ್ಕಿ ತೌಡಿನ ಎಣ್ಣೆ ಸಾಕು. ಎರಡೂ ಹುಚ್ಚೆಳ್ಳಿನಷ್ಟು ಬೇಗ ಕೆಡಲ್ಲ, ಒಟ್ಟು ಎಣ್ಣೆಯ 40 ಶೇಕಡಾವರೆಗೆ ನಡೆಯುತ್ತೆ. ಎಳ್ಳೆಣ್ಣೆ ಕೂಡ ಆಗುತ್ತೆ, ಬೆಲೆ ನೋಡಿಕೊಂಡು.

ಆ ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳಿನ ಪಕ್ಕದಲ್ಲೇ ಇನ್ನೊಂದು ಗಿಡ ಇರುತ್ತಲ್ಲ, ಹರಳು. ಸೋಪಿಗೆ ಬೇಕಾದ್ದು ಅದು. ಹರಳೆಣ್ಣೆಯಲ್ಲಿ ಹತ್ತರಲ್ಲಿ ಎಂಟೊಂಬತ್ತು ಪಾಲು ರಿಸಿನೋಲಿಕ್ ಆಮ್ಲ, ಬೇರೆ ಯಾವ ಅಡುಗೆ ಎಣ್ಣೆಯಲ್ಲೂ ಇಲ್ಲದ್ದು. ಕೊಬ್ಬರಿ ಎಣ್ಣೆ ಎಬ್ಬಿಸಿದ ನೊರೆಯನ್ನು ಇದು ಹಿಡಿದು ನಿಲ್ಲಿಸುತ್ತೆ. 5ರಿಂದ 10 ಶೇಕಡಾ ಸಾಕು, ಜಾಸ್ತಿ ಆದರೆ ಸೋಪು ಅಂಟಂಟು. ಮನೇಲಿ ಹುರಿದು, ಕುಟ್ಟಿ, ಕುದಿಸಿ ತೆಗೆದ ಹರಳೆಣ್ಣೆ ಆದರೆ ನೀರಿನ ಪಸೆ ಪೂರ್ತಿ ಹೋಗೋವರೆಗೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ. ಹರಳು ಹಿಂಡಿ ಮಾತ್ರ ದನಕ್ಕೆ, ಕೋಳಿಗೆ ಸಿಗದ ಹಾಗೆ ಇಡಿ. ವಿಷ ಇರೋದು ಹಿಂಡಿಯಲ್ಲೇ.

ಹೊಂಗೆ ಮತ್ತು ಬೇವು ನಮ್ಮ ಬದುಗಳಲ್ಲಿ ಬೇಕಾದಷ್ಟಿವೆ, ಅದಕ್ಕೇ ‘ಬೇವಿನ ಸೋಪು’ ಆಸೆ ಎಲ್ಲರಿಗೂ. ಬೇವಿನೆಣ್ಣೆ 5–10 ಶೇಕಡಾ ಹಾಕಿದರೆ ಪರವಾಗಿಲ್ಲ, ಅದರ ಮೇಲೆ ಹೋದರೆ ಯಾವ ಸುಗಂಧವೂ ಆ ವಾಸನೆಯನ್ನು ಮುಚ್ಚಲ್ಲ. ಹೊಂಗೆಯೂ ಹಾಗೇ. ಸ್ನಾನದ ಸೋಪಿಗಿಂತ ಬಟ್ಟೆ ಸೋಪಿಗೆ ಅದು ಸರಿ. ಇವೆರಡರ ನಿಜವಾದ ಸೋಪು ನೋಡಬೇಕು ಅಂದರೆ ಪೀಣ್ಯದಿಂದ ಹೆಚ್ಚು ದೂರವಿಲ್ಲದ ಹೆಸರಘಟ್ಟಕ್ಕೆ ಹೋಗಿ. ಅಲ್ಲಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ (ಐಐಎಚ್‌ಆರ್) ಎಲೆಕೋಸು ಮತ್ತಿತರ ತರಕಾರಿಗಳ ಕೀಟಕ್ಕೆ ಬೇವಿನ ಸೋಪು, ಹೊಂಗೆ ಸೋಪು ಎರಡನ್ನೂ ರೂಪಿಸಿ, ಆ ತಂತ್ರಜ್ಞಾನವನ್ನು ತಯಾರಕರಿಗೆ ಕೊಡ್ತಾ ಬಂದಿದೆ. ಅದು ಬೆಳೆಗೆ ಸಿಂಪಡಿಸೋ ಸೋಪು, ಮೈಗೆ ಹಚ್ಚೋದಲ್ಲ. ಹಾಗೇ, ಮನೇಲಿ ಕಾಸ್ಟಿಕ್‌ನಿಂದ ಮಾಡಿದ ಸ್ನಾನದ ಸೋಪನ್ನು ಅದರ ಬದಲಿಗೆ ಗಿಡಕ್ಕೆ ಹೊಡೆದು ಎಲೆ ಸುಡಬೇಡಿ.

ಪರಿಮಳದ ಮಾತು ಬಂತಲ್ಲ, ಪೀಣ್ಯದಿಂದ ಹಸಿರು ಮೆಟ್ರೋ ಹತ್ತಿ ಪೇಟೆ ಕಡೆ ಹೊರಟರೆ ಮೂರನೇ ಸ್ಟೇಷನ್ನಿನ ಹೆಸರೇ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ರಫ್ತು ನಿಂತು ಮರ ರಾಶಿ ಬಿದ್ದಾಗ ಮೈಸೂರು ಸಂಸ್ಥಾನ 1916ರಲ್ಲಿ ಗಂಧದೆಣ್ಣೆ ತೆಗೆಯೋಕೆ ಶುರು ಮಾಡಿತು. 1918ರ ಹೊತ್ತಿಗೆ ಸೋಪು ಬಂತು. ಸೋಪಿನ ವಿದ್ಯೆ ಕಲಿಯೋಕೆ ಎಸ್.ಜಿ. ಶಾಸ್ತ್ರಿ ಅವರನ್ನು ಇಂಗ್ಲೆಂಡಿಗೆ ಕಳಿಸಿದ್ದರು. ಗಂಧದೆಣ್ಣೆ ಕೈಯಲ್ಲಿತ್ತು, ಆದರೂ ಸೋಪಿಗೆ ಬೇರೆಯದೇ ವಿದ್ಯೆ ಬೇಕಾಯ್ತು ನೋಡಿ. ಯಾಕಂದ್ರೆ ಗಂಧದೆಣ್ಣೆ ಸೋಪಿನ ಪರಿಮಳ, ಸೋಪಿನ ಮೈ ಬೇರೆ ಎಣ್ಣೆಗಳದ್ದು. ಲ್ಯಾವೆಂಡರ್, ನಿಂಬೆಹುಲ್ಲು ಅಂತ ಸಣ್ಣ ಬಾಟಲಿಗಳಿಗೆ ಮೊದಲೇ ದುಡ್ಡು ಸುರಿಯೋ ಹುಡುಗರು ಇದನ್ನು ನೆನಪಿಡಿ. ಮೈ ಸರಿಯಾದ ಮೇಲೆ ಪರಿಮಳ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಎಣ್ಣೆ ಬದಲಾದರೆ ಕಾಸ್ಟಿಕ್ ಸೋಡಾ ತೂಕವೂ ಬದಲಾಗಬೇಕು. ಒಂದು ಕೆಜಿ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗೋಕೆ ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ತಾಳೆ ಎಣ್ಣೆಗೆ 141, ಕಡಲೆಕಾಯಿಗೆ 136, ಮುರುಗಲು ತುಪ್ಪಕ್ಕೆ 135, ಸೂರ್ಯಕಾಂತಿಗೆ 134, ತೌಡಿನ ಎಣ್ಣೆಗೆ 133, ಹರಳೆಣ್ಣೆಗೆ 128. ಹಿಪ್ಪೆ ಬೀಜದಿಂದ ಬೀಜಕ್ಕೆ ವ್ಯತ್ಯಾಸ ಇರುತ್ತೆ, 133 ಅಂತ ಕಮ್ಮಿ ಕಡೆಯೇ ಇಟ್ಟುಕೊಳ್ಳಿ. ಎಣ್ಣೆ ಸ್ವಲ್ಪ ಉಳಿದರೆ ಮೈಗೆ ಒಳ್ಳೇದು, ಕಾಸ್ಟಿಕ್ ಉಳಿದರೆ ಚರ್ಮ ಸುಡುತ್ತೆ. ಅದಕ್ಕೇ ಲೆಕ್ಕ ಬಂದದ್ದಕ್ಕಿಂತ ಐದಾರು ಶೇಕಡಾ ಕಾಸ್ಟಿಕ್ ಕಮ್ಮಿ ಹಾಕೋದು ಪದ್ಧತಿ.

ನಮ್ಮ ನೀರಿಗೆ ಹೊಂದೋ ಅರ್ಧ ಕೆಜಿ ಎಣ್ಣೆಯ ಅಳತೆ ಹೀಗಿದೆ: ಕೊಬ್ಬರಿ ಎಣ್ಣೆ 150 ಗ್ರಾಂ, ಕಡಲೆಕಾಯಿ ಎಣ್ಣೆ 200 ಗ್ರಾಂ, ಮುರುಗಲು ತುಪ್ಪ 100 ಗ್ರಾಂ, ಹರಳೆಣ್ಣೆ 50 ಗ್ರಾಂ. ಲೆಕ್ಕ ಹಾಕಿದರೆ 74.5 ಗ್ರಾಂ ಕಾಸ್ಟಿಕ್ ಬರುತ್ತೆ. ಹಾಕೋದು 70 ಗ್ರಾಂ. ನೀರು 150 ಗ್ರಾಂ, ಅದೂ ಬೋರ್‌ವೆಲ್‌ದಲ್ಲ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅಥವಾ ಆರ್‌ಓ ನೀರು. ಎಲ್ಲವೂ ತೂಕದಲ್ಲಿ, ಮಿಲಿಲೀಟರಿನಲ್ಲಿ ಅಲ್ಲ.

ಈಗ ಇದನ್ನು ನೋಡಿ. 2025ರಲ್ಲಿ ಕೊಬ್ಬರಿ ಎಣ್ಣೆ ಬೆಲೆ ಗಗನಕ್ಕೇರಿತ್ತಲ್ಲ, ಅಂಥ ಹೊತ್ತಲ್ಲಿ ‘ಕೊಬ್ಬರಿ ಬದಲು ಸೂರ್ಯಕಾಂತಿ ಹಾಕೋಣ, ಎಣ್ಣೆ ತಾನೇ’ ಅಂತ ಅದೇ 150 ಗ್ರಾಂ ಹಾಕಿ, ಕಾಸ್ಟಿಕ್ 70 ಗ್ರಾಮೇ ಬಿಟ್ಟರೆ ಏನಾಗುತ್ತೆ? ಹೊಸ ಮಿಶ್ರಣಕ್ಕೆ ಬೇಕಿದ್ದಿದ್ದೇ 67 ಗ್ರಾಂ ಚಿಲ್ಲರೆ. ಸುಮಾರು 3 ಗ್ರಾಂ ಕಾಸ್ಟಿಕ್ ಹಾಗೇ ಉಳಿದು ಆರು ಸೋಪಿನಲ್ಲಿ ಹಂಚಿ ಹೋಗುತ್ತೆ. ನೋಡೋಕೆ ಸೋಪು ಚೆನ್ನಾಗೇ ಇರುತ್ತೆ. ಮಗುವಿನ ಮೈಗೆ ಹಚ್ಚಿದಾಗ ಗೊತ್ತಾಗುತ್ತೆ. ಮೊಬೈಲಿನಲ್ಲಿ ‘ಸೋಪ್ ಕ್ಯಾಲ್ಕುಲೇಟರ್’ ಅಂತ ಹುಡುಕಿದರೆ ಬೇಕಾದಷ್ಟು ಉಚಿತ ಲೆಕ್ಕಪಟ್ಟಿ ಸಿಗುತ್ತೆ. ಒಂದು ಎಣ್ಣೆ ಹತ್ತು ಗ್ರಾಂ ಬದಲಾದರೂ ಹೊಸದಾಗಿ ಲೆಕ್ಕ ಹಾಕಿ, ಎರಡು ಕಡೆ ತಾಳೆ ನೋಡಿ.

ಕಾಸ್ಟಿಕ್ ಕೊಳ್ಳುವಾಗ ಕಟ್ಟಿಕೊಂಡ ಚರಂಡಿಗೆ ಸುರಿಯೋ ಪುಡಿ ಬೇಡ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತೆ. ರಾಸಾಯನಿಕ ಅಂಗಡಿಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಅಂತಲೇ ಕೇಳಿ. ಯಾವಾಗಲೂ ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್ ಮೇಲೆ ನೀರು ಸುರಿಯಬಾರದು, ಮುಖಕ್ಕೆ ಸಿಡಿಯುತ್ತೆ. ಸ್ಟೀಲ್ ಪಾತ್ರೆ ಸರಿ, ಅಲ್ಯೂಮಿನಿಯಂ ಬೇಡವೇ ಬೇಡ. ಕನ್ನಡಕ, ಗ್ಲೌಸ್ ಹಾಕಿ, ಬಯಲಲ್ಲಿ ಮಾಡಿ, ಮಕ್ಕಳನ್ನು ದೂರ ಇಡಿ. ಮೈಗೆ ಬಿದ್ದರೆ ವಿನೆಗರ್, ನಿಂಬೆಹಣ್ಣು ಅಂತ ಹುಡುಕಬೇಡಿ, ಹರಿಯೋ ನೀರಲ್ಲಿ ಇಪ್ಪತ್ತು ನಿಮಿಷ ತೊಳೀರಿ. ಕಣ್ಣಿಗೆ ಬಿದ್ದರೆ ತೊಳೆದು ಸೀದಾ ಆಸ್ಪತ್ರೆ.

ಮುರುಗಲು ತುಪ್ಪ 40 ಡಿಗ್ರಿ ಹತ್ತಿರ ಕರಗೋದರಿಂದ ಎಣ್ಣೆ ಮಿಶ್ರಣ, ಕಾಸ್ಟಿಕ್ ನೀರು ಎರಡೂ 45 ಡಿಗ್ರಿ ಆಸುಪಾಸು ಇದ್ದಾಗ ಬೆರೆಸಿ. ತಣ್ಣಗಾದರೆ ತುಪ್ಪ ಕಾಳು ಕಾಳಾಗುತ್ತೆ. ದೋಸೆ ಹಿಟ್ಟಿನ ಹದಕ್ಕೆ ಬಂದಾಗ ಅಚ್ಚಿಗೆ ಸುರಿದು, ಒಂದೆರಡು ದಿನ ಬಿಟ್ಟು ಕತ್ತರಿಸಿ, ನೆರಳಲ್ಲಿ ಗಾಳಿಯಾಡೋ ಕಡೆ ನಾಲ್ಕರಿಂದ ಆರು ವಾರ ಒಣಗಿಸಿ.

ಈ ಅಳತೆಗೆ ಒಣಗಿದ ಮೇಲೆ ನೂರು ಗ್ರಾಮಿನ ಆರು ಸೋಪು ಬರುತ್ತೆ, ಒಂದಕ್ಕೆ 83 ಗ್ರಾಂ ಎಣ್ಣೆ. ನಿಮ್ಮ ಮಿಶ್ರಣ ಕೆಜಿಗೆ ಸರಾಸರಿ 300 ರೂಪಾಯಿ ಬಿದ್ದರೆ ಸೋಪಿಗೆ 25 ರೂಪಾಯಿ ಎಣ್ಣೆಯದ್ದೇ. ಕಾಸ್ಟಿಕ್, ಕಾಗದ, ಕೈಕೆಲಸ, ಒಂದೂವರೆ ತಿಂಗಳು ಸಿಕ್ಕಿಹಾಕಿಕೊಂಡ ದುಡ್ಡು ಅದರ ಮೇಲೆ. ಲಾಭ ಇದೆ, ಆದರೆ ಸಂತೆಯ 150 ರೂಪಾಯಿ ನೋಡಿ ಅಂದುಕೊಂಡಷ್ಟಲ್ಲ.

ಮನೆಗೆ ಮಾಡಿಕೊಂಡರೆ ಯಾರ ಅಪ್ಪಣೆಯೂ ಬೇಡ. ಮಾರೋಕೆ ಮಾಡಿದರೆ ಸ್ನಾನದ ಸೋಪು ಕಾನೂನಿನ ಲೆಕ್ಕದಲ್ಲಿ ಕಾಸ್‌ಮೆಟಿಕ್. 2020ರ ಕಾಸ್‌ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ತಯಾರಿಕಾ ಲೈಸೆನ್ಸ್ ಬೇಕು. ‘ಸಣ್ಣದಾಗಿ ಮಾರ್ತೀವಿ, ಯಾರು ಕೇಳ್ತಾರೆ’ ಅನ್ನೋರು ಬಹಳ. ಒಬ್ಬರಿಗೆ ಮೈ ಕೆಂಪಾಗಿ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಫೋಟೋ ಬಂದ ದಿನ ಕೇಳ್ತಾರೆ. ಸ್ವಂತ ಘಟಕಕ್ಕೆ ಈಗಲೇ ಬಂಡವಾಳ ಇಲ್ಲದಿದ್ದರೆ ಲೈಸೆನ್ಸ್ ಇರೋ ಘಟಕದಲ್ಲಿ ನಿಮ್ಮ ಅಳತೆಗೆ ಮಾಡಿಸಿಕೊಳ್ಳೋ ‘ಲೋನ್ ಲೈಸೆನ್ಸ್’ ದಾರಿಯೂ ನಿಯಮದಲ್ಲಿದೆ. ನಾಲ್ಕೈದು ಜನ ಸೇರಿದರೆ ಖರ್ಚು ಹಂಚಿಕೊಳ್ಳಬಹುದು. ಲೇಬಲ್ ಮೇಲೆ ಕಜ್ಜಿ ವಾಸಿಯಾಗುತ್ತೆ, ಮೊಡವೆ ಹೋಗುತ್ತೆ ಅಂತ ಬರೀಬೇಡಿ.

ಹತ್ತು ಕೆಜಿ ಎಣ್ಣೆ ತರೋಕೆ ಮುಂಚೆ ಮೇಲಿನ ಅರ್ಧ ಕೆಜಿ ಅಳತೆಯ ಒಂದು ಬ್ಯಾಚ್ ಮಾಡಿ. ತಾರೀಖು, ಪ್ರತಿ ಎಣ್ಣೆಯ ತೂಕ, ಎಲ್ಲಿಂದ ತಂದಿದ್ದು ಅನ್ನೋದನ್ನ ಫೋನಿನಲ್ಲಿ ಬರೆದಿಡಿ. ಆರರಲ್ಲಿ ಎರಡನ್ನು ಬೋರ್‌ವೆಲ್ ನೀರಿರೋ ಎರಡು ಮನೆಗೆ ಕೊಟ್ಟು, ಚೆನ್ನಾಗಿದೆಯಾ ಅಂತ ಕೇಳಬೇಡಿ, ಎಷ್ಟು ದಿನ ಬಂತು ಅಂತ ಕೇಳಿ. ಒಂದನ್ನು ಬಿಸಿಲು ಬೀಳೋ ಕಿಟಕಿಯಲ್ಲಿ, ಇನ್ನೊಂದನ್ನು ಬಚ್ಚಲ ಗೂಡಿನಲ್ಲಿ ಮೂರು ತಿಂಗಳು ಇಡಿ. ಕಿಟಕಿಯದ್ದರಲ್ಲಿ ಕಿತ್ತಳೆ ಚುಕ್ಕೆ ಕಂಡರೆ ಎಣ್ಣೆ ಬದಲಿಸಿ, ಬಚ್ಚಲದ್ದು ಲೋಳೆಯಾದರೆ ಲೆಕ್ಕ ಮತ್ತೆ ಹಾಕಿ ತುಪ್ಪ ಸ್ವಲ್ಪ ಏರಿಸಿ.